ಒಳಮನೆಯ ಚಿತ್ರಗಳನ್ನು ನೋಡುವುದು ಹೇಗೆ: ಡೆಲ್ಫ್ಟ್‌ನ ಒಂದು ಅಡುಗೆಮನೆಯಿಂದ ಶುರು ಮಾಡೋಣ

ಯುರೋಪಿನ ಹಳೆಯ ಚಿತ್ರಕಲೆ ಎಂದೊಡನೆ ನಮ್ಮಲ್ಲಿ ಬಹಳ ಜನರಿಗೆ ರಾಜರು, ದೇವದೂತರು, ಯುದ್ಧಗಳು ನೆನಪಾಗುತ್ತವೆ. ನನ್ನ ಕಣ್ಣ ಮುಂದೆ ಬರುವುದು ಒಂದು ಅಡುಗೆಮನೆ. ಎಡಗಡೆ ಕಿಟಕಿ, ಹಿಂದೆ ಸುಣ್ಣದ ಗೋಡೆ, ಮೇಜಿನ ಮೇಲೆ ಬ್ರೆಡ್ಡು, ತೋಳು ಮೇಲೆ ಸರಿಸಿಕೊಂಡು ಹಾಲು ಬಗ್ಗಿಸುತ್ತಿರುವ ಗಟ್ಟಿಮುಟ್ಟಾದ ಹೆಂಗಸು. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಯೊಹಾನ್ನೆಸ್ ವೆರ್ಮೀರ್ 1660ರ ಆಸುಪಾಸಿನಲ್ಲಿ ಬರೆದ ಚಿತ್ರ ಇದು. ‘ಹಾಲಿನ ಹೆಂಗಸು’ ಎಂದು ಹೆಸರು. ಈಗ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ.

ಇಂಥ ಚಿತ್ರಗಳು ಎಷ್ಟು ಸರಳವಾಗಿ ಕಾಣುತ್ತವೆಂದರೆ ಒಮ್ಮೆ ನೋಡಿ ‘ಚೆನ್ನಾಗಿದೆ’ ಎಂದು ಮುಂದೆ ಹೋಗಿಬಿಡುತ್ತೇವೆ. ಇಲ್ಲದಿದ್ದರೆ ಸಂಕೇತಗಳ ಪಟ್ಟಿ ಹಿಡಿದು ಕೂರುತ್ತೇವೆ: ನಾಯಿ ಎಂದರೆ ನಿಷ್ಠೆ, ಕನ್ನಡಿ ಎಂದರೆ ಅಹಂಕಾರ, ಮುತ್ತು ಎಂದರೆ ಮೋಹ. ನಾನೂ ಬಹಳ ದಿನ ಹಾಗೇ ನೋಡಿದೆ. ಚಿತ್ರದಲ್ಲಿದ್ದ ಮನುಷ್ಯರು ನನಗೆ ಕಾಣಿಸಲೇ ಇಲ್ಲ. ಈಗ ನಾನು ಹಿಡಿದಿರುವ ಕ್ರಮ ಬೇರೆ. ಮೊದಲು ಕೈ, ಆಮೇಲೆ ಬೆಳಕು, ಆಮೇಲೆ ಕೋಣೆ. ಅರ್ಥ ಕೊನೆಗೆ. ಒಳಮನೆಯ ಚಿತ್ರಗಳಲ್ಲಿ ಮುಖ ಮುಚ್ಚಿಟ್ಟದ್ದನ್ನು ಕೋಣೆ ಹೇಳಿಬಿಡುತ್ತದೆ ಎಂಬುದು ನನ್ನ ನಂಬಿಕೆ. ಆ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಹಾಲೆಂಡಿನ ಚಿತ್ರಗಳನ್ನೇ ಆರಿಸಿದ್ದಕ್ಕೆ ಕಾರಣವಿದೆ. 17ನೇ ಶತಮಾನದಲ್ಲಿ ಅಲ್ಲಿ ಪ್ರಾಟೆಸ್ಟೆಂಟ್ ಚರ್ಚುಗಳ ಗೋಡೆ ಬರಿದಾಗಿತ್ತು. ಚಿತ್ರ ಕೊಳ್ಳುವವರು ಪಾದ್ರಿಗಳಲ್ಲ, ವ್ಯಾಪಾರಿಗಳು, ಬಟ್ಟೆ ನೇಯಿಸುವವರು, ಬೇಕರಿಯವರು. ಡೆಲ್ಫ್ಟ್‌ನ ಬೇಕರಿ ಮಾಲೀಕ ಹೆಂಡ್ರಿಕ್ ವಾನ್ ಬೈಟನ್ ಬಳಿ ವೆರ್ಮೀರನ ಚಿತ್ರಗಳಿದ್ದವು. ಚಿತ್ರಕಾರ 1675ರಲ್ಲಿ ತೀರಿಕೊಂಡ ಮೇಲೆ ಅವನ ಹೆಂಡತಿ ಬ್ರೆಡ್ಡಿನ ಸಾಲಕ್ಕಾಗಿ ಇನ್ನೆರಡು ಚಿತ್ರಗಳನ್ನು ಆ ಬೇಕರಿಯವನಿಗೇ ಒಪ್ಪಿಸಬೇಕಾಯಿತು. ಕೊಳ್ಳುವವರ ಮನೆ ಚಿತ್ರದ ಜಾಗವಾದಾಗ, ಮನೆಯೇ ಚಿತ್ರದ ವಸ್ತುವೂ ಆಯಿತು.

ಹಂತ 1: ಒಂದೇ ಚಿತ್ರ ಆರಿಸಿ, ಅದರ ಅಳತೆಗೆ ಹಾಳೆ ಕತ್ತರಿಸಿ

ರೈಕ್ಸ್‌ಮ್ಯೂಸಿಯಂನ ಜಾಲತಾಣದಲ್ಲಿ ಈ ಚಿತ್ರದ ಬಹಳ ದೊಡ್ಡ ಪ್ರತಿ ಉಚಿತವಾಗಿ ಸಿಗುತ್ತದೆ. ಇಳಿಸಿಕೊಳ್ಳಿ. ಮೊಬೈಲಿನಲ್ಲಿ ಬೇಡ, ಲ್ಯಾಪ್‌ಟಾಪ್ ಆಗಲಿ, ಟಿವಿ ಆಗಲಿ, ಕೈಗೆ ಸಿಕ್ಕ ದೊಡ್ಡ ಪರದೆಯಲ್ಲಿ ನೋಡಿ. ಜೊತೆಗೊಂದು ಎ4 ಪ್ರಿಂಟ್ ಇಟ್ಟುಕೊಳ್ಳಿ, ಮುಂದೆ ಗೆರೆ ಎಳೆಯಲು ಬೇಕಾಗುತ್ತದೆ.

ಆಮೇಲೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ 45.5 ಸೆಂ.ಮೀ ಎತ್ತರ, 41 ಸೆಂ.ಮೀ ಅಗಲಕ್ಕೆ ಕತ್ತರಿಸಿ ಗೋಡೆಗೆ ಹಚ್ಚಿ. ಚಿತ್ರದ ನಿಜವಾದ ಅಳತೆ ಅಷ್ಟೇ. ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಗಾತ್ರ. ಗೋಡೆಗೆ ಹಚ್ಚಿದ ಆ ಕಾಗದದ ಮುಂದೆ ನಿಂತರೆ, ಇದು ಸಭಾಂಗಣಕ್ಕೆ ಬರೆದದ್ದಲ್ಲ, ಹತ್ತಿರ ಹೋಗಿ ಒಬ್ಬೊಬ್ಬರೇ ನೋಡಲಿ ಎಂದು ಬರೆದದ್ದು ಎಂದು ದೇಹಕ್ಕೇ ತಿಳಿಯುತ್ತದೆ. ಈ ಕೆಲಸಕ್ಕೆ ಹತ್ತು ನಿಮಿಷ ಸಾಕು. ದಯವಿಟ್ಟು ಬಿಡಬೇಡಿ.

ಹಂತ 2: ಹೆಸರು ಓದಬೇಡಿ, ಕೈಗಳನ್ನು ನೋಡಿ

ಚಿತ್ರದಲ್ಲಿ ಎಷ್ಟು ಜನರಿದ್ದಾರೆ? ಪ್ರತಿಯೊಬ್ಬರ ಎರಡು ಕೈಗಳೂ ಎಲ್ಲಿವೆ, ಏನು ಮಾಡುತ್ತಿವೆ? ಕಣ್ಣು ಎತ್ತ ನೋಡುತ್ತಿದೆ? ಇಷ್ಟನ್ನು ಕಾಗದದ ಮೇಲೆ ಕನ್ನಡದಲ್ಲಿ ಬರೆಯಿರಿ. ‘ದುಃಖ’, ‘ಶಾಂತಿ’ ಎಂಬಂಥ ಪದಗಳು ಇನ್ನೂ ಬೇಡ, ಕ್ರಿಯಾಪದಗಳು ಮಾತ್ರ.

ಹಾಲಿನ ಹೆಂಗಸಿನ ಬಲಗೈ ಜಗ್ಗಿನ ಹಿಡಿಯನ್ನು ಹಿಡಿದಿದೆ, ಎಡಗೈ ಅಡಿಯಿಂದ ಆನಿಸಿದೆ. ಜಗ್ಗು ಭಾರವಾಗಿದೆ, ಹಾಲನ್ನು ಸಣ್ಣ ಎಳೆಯಾಗಿ ಬಿಡಬೇಕು; ಹಾಗೆ ಬಗ್ಗಿಸಿದವರಿಗೆ ಎರಡನೆಯ ಕೈ ಯಾಕೆ ಬೇಕೆಂದು ಗೊತ್ತು. ಕೈಗಳ ಬಣ್ಣ ಗಮನಿಸಿ. ಮುಂಗೈ, ಬೆರಳು ಕೆಂಪಗೆ ಬಿಸಿಲು ನೀರು ಕಂಡಂತಿವೆ. ತೋಳು ಸರಿಸಿದ ಜಾಗದಲ್ಲಿ ಚರ್ಮ ಬಿಳಿ. ಸದಾ ತೋಳಿನ ಬಟ್ಟೆಯಡಿ ಇರುವ ಚರ್ಮ, ಸದಾ ಕೆಲಸದಲ್ಲಿರುವ ಚರ್ಮ, ಇವೆರಡರ ಗಡಿಯನ್ನು ಅವನು ಬಿಡದೆ ಬರೆದಿದ್ದಾನೆ.

ಕೈ ನೋಡುವ ಪಾಠವನ್ನು ನನಗೆ ಕಲಿಸಿದ್ದು ಮಾತ್ರ ವೆರ್ಮೀರನಲ್ಲ, ಯೂಡಿತ್ ಲೇಸ್ಟರ್. ಹಾರ್ಲೆಮ್ ಊರಿನ ಚಿತ್ರಕಾರರ ಸಂಘಕ್ಕೆ 1633ರಲ್ಲಿ ಸದಸ್ಯೆಯಾದ ಹೆಂಗಸು. ಆಕೆ 1631ರಲ್ಲಿ ಬರೆದ, ಎ4 ಹಾಳೆಗಿಂತ ತುಸುವೇ ದೊಡ್ಡದಾದ ಒಂದು ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ರಾತ್ರಿ, ಎಣ್ಣೆದೀಪ. ಒಬ್ಬಳು ಬಿಳಿ ಬಟ್ಟೆ ಹೊಲಿಯುತ್ತಿದ್ದಾಳೆ. ತುಪ್ಪಳದ ಟೋಪಿಯ ಗಂಡಸು ಅವಳ ಭುಜದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಅಂಗೈಯಲ್ಲಿ ನಾಣ್ಯಗಳನ್ನು ಚಾಚಿದ್ದಾನೆ. ಅವಳು ತಲೆ ಎತ್ತಿಲ್ಲ. ಅವಳ ಎರಡೂ ಕೈಗಳು ಹೊಲಿಗೆಯಲ್ಲೇ ಇವೆ. ನಾಲ್ಕು ಕೈಗಳನ್ನು ಎಣಿಸಿ ಮುಗಿಸುವಷ್ಟರಲ್ಲಿ ಇಡೀ ಕಥೆ ತಿಳಿದಿರುತ್ತದೆ. ಲೇಸ್ಟರಳ ಎಷ್ಟೋ ಚಿತ್ರಗಳು ಬಹುಕಾಲ ಅದೇ ಊರಿನ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನ ಹೆಸರಿನಲ್ಲಿ ಓಡಾಡಿದವು. ಅವು ಮತ್ತೆ ಅವಳವಾಗಲು ಶುರುವಾದದ್ದು 1893ರಲ್ಲಿ, ನಕ್ಷತ್ರ ಸೇರಿಸಿ ಬರೆದ ಅವಳ ಸಹಿಯನ್ನು ಗುರುತಿಸಿದಾಗ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ.

ಹಂತ 3: ಬೆಳಕು ಎಲ್ಲಿಂದ ಬಂದು ಎಲ್ಲಿ ಸಾಯುತ್ತದೆ

ಇಲ್ಲಿ ನಿಧಾನಿಸಿ. ಒಟ್ಟು ಒಂದು ಗಂಟೆ ಇಟ್ಟುಕೊಂಡಿದ್ದರೆ ಅದರಲ್ಲಿ ಇಪ್ಪತ್ತು ನಿಮಿಷ ಇದಕ್ಕೇ ಇರಲಿ.

ಡಚ್ ಒಳಮನೆಯ ಚಿತ್ರಗಳಲ್ಲಿ ಕಿಟಕಿ ಬಹುಪಾಲು ಎಡಗಡೆ. ಬಲಗೈಯಲ್ಲಿ ಬರೆಯುವ ಚಿತ್ರಕಾರನಿಗೆ ಬೆಳಕು ಎಡದಿಂದ ಬಂದರೆ ಅವನ ಕೈಯ ನೆರಳು ಅವನ ಕೆಲಸದ ಮೇಲೆ ಬೀಳದು. ನಾವು ಮಕ್ಕಳನ್ನು ಓದಲು ಬರೆಯಲು ಕೂರಿಸುವಾಗ ನೋಡುವ ಲೆಕ್ಕವೇ ಇದು.

ಮೊದಲು ಕಿಟಕಿಗೆ ಹೋಗಿ. ಸಣ್ಣಸಣ್ಣ ಗಾಜುಗಳಲ್ಲಿ ಒಂದು ಚೂರು ಒಡೆದಿದೆ. ಅಲ್ಲಿಂದ ಕೆಳಗಿಳಿದು ಗೋಡೆಗೆ ಬನ್ನಿ. ‘ಬಿಳಿ ಗೋಡೆ’ ಎಂದು ಹೇಳಿ ಮುಗಿಸಿಬಿಡುತ್ತೇವಲ್ಲ, ಪ್ರತಿಯನ್ನು ದೊಡ್ಡದು ಮಾಡಿ ಎಡದಿಂದ ಬಲಕ್ಕೆ ಸರಿಸಿ: ಕಿಟಕಿಯ ಪಕ್ಕದಲ್ಲೇ ಗೋಡೆ ಬೂದು, ದೂರ ಹೋದಂತೆ ಬೆಳಗುತ್ತದೆ. ಈಗ ಹೆಂಗಸನ್ನು ನೋಡಿ. ಅವಳ ಬೆಳಗಿದ ಮಗ್ಗುಲು ನೆರಳಿನ ಗೋಡೆಗೆ ಎದುರಾಗಿದೆ, ನೆರಳಿನ ಮಗ್ಗುಲು ಬೆಳಗಿದ ಗೋಡೆಗೆ. ಅವಳು ಗೋಡೆಗೆ ಅಂಟಿದ ಚಿತ್ರವಾಗದೆ ಕೋಣೆಯ ನಡುವೆ ನಿಂತ ಆಳಾಗುವುದು ಈ ಅದಲುಬದಲಿನಿಂದ. ಅದೂ ಸಾಲದೆಂದು ಅವನು ಅವಳ ನೆರಳಿನ ಮಗ್ಗುಲಿನ ಅಂಚಿಗೆ ತೆಳುವಾದ ಬಿಳಿ ಗೆರೆಯೊಂದನ್ನು ಎಳೆದಿದ್ದಾನೆ. ದೊಡ್ಡದು ಮಾಡಿದರೆ ಕಾಣುತ್ತದೆ.

ಗೋಡೆಯ ಮೇಲ್ಗಡೆ ಒಂದು ಮೊಳೆಯಿದೆ. ಅದಕ್ಕೆ ಏನೂ ನೇತುಹಾಕಿಲ್ಲ. ಮೊಳೆಗೆ ಪುಟ್ಟ ನೆರಳು. ಸುತ್ತ ಹಿಂದೆ ಯಾವಾಗಲೋ ಹೊಡೆದು ಕಿತ್ತ ಮೊಳೆಗಳ ತೂತುಗಳು, ಗಾರೆ ಉದುರಿದ ಗುರುತುಗಳು. ಬಾಡಿಗೆ ಮನೆ ಬಿಡುವಾಗ ಕ್ಯಾಲೆಂಡರ್ ತೆಗೆದ ಮೇಲೆ ಗೋಡೆ ಕಾಣುತ್ತದಲ್ಲ, ಹಾಗೆ. ಈ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಜಾಗ ಅದು. ಆ ಮೊಳೆ ಅಲ್ಲಿರದಿದ್ದರೆ ಗೋಡೆಗೆ ವಯಸ್ಸೇ ಇರುತ್ತಿರಲಿಲ್ಲ.

ಈಗ ಬ್ರೆಡ್ಡಿಗೆ ಬನ್ನಿ. ದೂರದಿಂದ ಗರಿಗರಿ ಸಿಪ್ಪೆ ಕಾಣುತ್ತದೆ. ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿದರೆ ಬ್ರೆಡ್ಡು ಮಾಯವಾಗಿ ಬರೀ ಬಣ್ಣದ ಚುಕ್ಕಿಗಳು ಉಳಿಯುತ್ತವೆ, ಮೇಲಿಂದ ರವೆ ಉದುರಿಸಿದಂತೆ. ಮತ್ತೆ ಚಿಕ್ಕದು ಮಾಡಿ. ಚುಕ್ಕಿ ಬ್ರೆಡ್ಡಾಗುವ ದೂರ ಯಾವುದು? ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ ಆ ದೂರವನ್ನು ನೀವೇ ಹುಡುಕಿ.

ಹಂತ 4: ದಾರ ಎಳೆದು ನೀವು ನಿಂತ ಜಾಗ ಕಂಡುಕೊಳ್ಳಿ

ಬಡಗಿಗಳು ಮರ ಕೊಯ್ಯುವ ಮುನ್ನ ಬಣ್ಣ ಹಚ್ಚಿದ ದಾರವನ್ನು ಬಿಗಿದು, ಎತ್ತಿ ಚಟ್ಟೆಂದು ಬಿಡುತ್ತಾರೆ. ನೇರ ಗೆರೆ ಬೀಳುತ್ತದೆ. ವೆರ್ಮೀರನದೂ ಅದೇ ಉಪಾಯವೆಂದು ತಜ್ಞರು ಹೇಳುತ್ತಾರೆ. ಕ್ಯಾನ್ವಾಸಿಗೆ ಸೂಜಿ ಚುಚ್ಚಿ, ಅದಕ್ಕೆ ಸೀಮೆಸುಣ್ಣ ಬಳಿದ ದಾರ ಕಟ್ಟಿ, ಕಿಟಕಿಯ ಗೆರೆಗಳನ್ನು ಹೊಡೆಯುತ್ತಿದ್ದ. ಅವನ ಹಲವು ಚಿತ್ರಗಳಲ್ಲಿ ಆ ಸೂಜಿಯ ತೂತು ಸಿಕ್ಕಿದೆ. ಈ ಚಿತ್ರದಲ್ಲಿ ಅದು ಇರುವುದು ಹೆಂಗಸಿನ ಬಲಗೈಯ ತುಸು ಮೇಲೆ.

ಎ4 ಪ್ರಿಂಟನ್ನು ತೆಗೆದುಕೊಳ್ಳಿ. ಸ್ಕೇಲು ಹಿಡಿದು ಕಿಟಕಿಯ ಅಡ್ಡಗೆರೆಗಳನ್ನು ಒಂದೊಂದಾಗಿ ಬಲಕ್ಕೆ ಎಳೆಯಿರಿ. ಎಲ್ಲವೂ ಹೆಚ್ಚುಕಡಿಮೆ ಅದೇ ಜಾಗಕ್ಕೆ, ಹಾಲು ಬಗ್ಗಿಸುವ ಕೈಯ ಹತ್ತಿರಕ್ಕೆ ಬರುತ್ತವೆ. ಗೆರೆಗಳು ಕೂಡುವ ಎತ್ತರವೇ ನೋಡುಗನ ಕಣ್ಣಿನ ಎತ್ತರ. ಅಂದರೆ ನಮ್ಮ ಕಣ್ಣು ಅವಳ ಮುಖದ ಮಟ್ಟದಲ್ಲಿಲ್ಲ, ಕೆಳಗೆ, ಕೈಯ ಮಟ್ಟದಲ್ಲಿದೆ. ನಾವು ಕೂತಿದ್ದೇವೆ, ಅವಳು ನಿಂತಿದ್ದಾಳೆ. ಮನೆಗೆಲಸದ ಹೆಂಗಸೊಬ್ಬಳನ್ನು ನಾವು ಕತ್ತೆತ್ತಿ ನೋಡುವಂತೆ ಮಾಡಿದ್ದಾನೆ. ಅವಳಿಗೆ ಅಷ್ಟು ಗೌರವ ಎಲ್ಲಿಂದ ಬಂತೆಂದು ಹುಡುಕುತ್ತಿದ್ದ ನನಗೆ ಉತ್ತರ ಸಿಕ್ಕಿದ್ದು ಈ ಸ್ಕೇಲಿನಿಂದ.

ಹಂತ 5: ಬಾಗಿಲುಗಳನ್ನು ಎಣಿಸಿ

ಹಾಲಿನ ಹೆಂಗಸಿನ ಕೋಣೆಯಲ್ಲಿ ಬಾಗಿಲು ಕಾಣುವುದಿಲ್ಲ. ಹಾಗಾಗಿ ಈ ಹಂತಕ್ಕೆ ಚಿತ್ರಕಾರ ಪೀಟರ್ ಡಿ ಹೋಖ್‌ನ ಮನೆಗೆ ಹೋಗಬೇಕು. 1629ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಹುಟ್ಟಿದವನು. ಅಪ್ಪ ಇಟ್ಟಿಗೆ ಕೆಲಸದ ಗಾರೆಯವ, ಅಮ್ಮ ಸೂಲಗಿತ್ತಿ. ಇಟ್ಟಿಗೆಯ ಸಾಲು, ನೆಲದ ಹಂಚು, ತಾಯಿ ಮಕ್ಕಳು: ಅವನು ಮತ್ತೆಮತ್ತೆ ಬರೆದದ್ದು ಇವನ್ನೇ.

ರೈಕ್ಸ್‌ಮ್ಯೂಸಿಯಂನಲ್ಲೇ ಇರುವ ‘ತಾಯಿಯ ಕರ್ತವ್ಯ’ ಎಂಬ ಚಿತ್ರ ತೆರೆಯಿರಿ. ಇದೂ 1660ರ ಆಸುಪಾಸಿನದು. ಹೆಸರು ಭಾರಿಯಾಗಿದೆ, ಆದರೆ ನಡೆಯುತ್ತಿರುವುದು ನಮಗೆ ಚೆನ್ನಾಗಿ ಗೊತ್ತಿರುವ ಕೆಲಸ: ಹುಡುಗಿ ತಲೆಯನ್ನು ಅಮ್ಮನ ಮಡಿಲಿಗೆ ಹಾಕಿದ್ದಾಳೆ, ಅಮ್ಮ ಹೇನು ನೋಡುತ್ತಿದ್ದಾಳೆ. ಜಗಲಿಯ ಮೇಲೆ ಹಾಗೆ ತಲೆ ಕೊಟ್ಟು ಕೂತವರಿಗೆ ಆ ಹುಡುಗಿಯ ಕತ್ತು ಯಾಕೆ ಹಾಗೆ ಸಡಿಲವಾಗಿದೆ ಎಂದು ವಿವರಿಸಬೇಕಿಲ್ಲ. ಹಿಂದೆ ಗೋಡೆಯೊಳಗೇ ಮಾಡಿದ ಪೆಟ್ಟಿಗೆಯಂಥ ಹಾಸಿಗೆ. ಮುಂದೆ ಒಂದು ಮೂಲೆಯಲ್ಲಿ ಕೂಸುಗಳನ್ನು ಕಕ್ಕಸಿಗೆ ಕೂರಿಸುವ ಮರದ ಕುರ್ಚಿ.

ಈಗ ಎಡಕ್ಕೆ. ಬಾಗಿಲು ತೆರೆದಿದೆ, ಅದರಾಚೆ ಇನ್ನೊಂದು ಕೋಣೆ, ಅದರಾಚೆ ಬಿಸಿಲು. ಡಚ್ಚರು ಹೀಗೆ ಬಾಗಿಲೊಳಗಿನಿಂದ ಸಿಗುವ ಇಣುಕುನೋಟಕ್ಕೆ ಒಂದು ಪದವನ್ನೇ ಇಟ್ಟುಕೊಂಡಿದ್ದಾರೆ, ‘ಡೋರ್‌ಕೈಕ್ಯೆ’. ಪ್ರತಿ ಹೊಸ್ತಿಲಿನಲ್ಲೂ ನಿಂತು ಕೇಳಿಕೊಳ್ಳಿ: ಇಲ್ಲಿ ಬೆಳಕು ಹೆಚ್ಚಿತೋ ಕಡಿಮೆಯಾಯಿತೋ? ಇಲ್ಲಿಂದ ಯಾರಾದರೂ ಬರಬಹುದೇ? ಹೇನು ನೋಡುವ ಮೂಲೆ ಮಬ್ಬು, ಹೊರಗಿನ ಕಡೆಗೆ ಬೆಳಕು. ಆ ಮಬ್ಬಿನಲ್ಲಿ ಮಗುವಿಗೆ ಸಿಕ್ಕಿರುವ ಭದ್ರತೆ ದೂರದ ಆ ಬಿಸಿಲಿನ ಚೌಕದಿಂದಲೇ ನಮಗೆ ತಿಳಿಯುವುದು.

ಹಂತ 6: ಸಾಮಾನುಗಳ ಊರು ಕೇಳಿ

ಪ್ರತಿ ವಸ್ತುವಿಗೂ ಎರಡು ಪ್ರಶ್ನೆ. ಎಲ್ಲಿಂದ ಬಂತು? ನಿಜವಾಗಿ ಆ ಮನೆಯಲ್ಲಿ ಇತ್ತೇ?

ಡಚ್ ಚಿತ್ರಗಳಲ್ಲಿ ಮೇಜಿನ ಮೇಲೆ ಹಾಸಿದ ರತ್ನಗಂಬಳಿ ತುರ್ಕಿಯ ಕಡೆಯದು. ನೆಲಕ್ಕೆ ಹಾಸಲು ಮನಸ್ಸು ಬಾರದಷ್ಟು ದುಬಾರಿ. ನೀಲಿ ಬಿಳಿ ಪಿಂಗಾಣಿ ಚೀನಾದಿಂದ ಹಡಗಿನಲ್ಲಿ ಬಂದದ್ದು, ಇಲ್ಲವೇ ಅದನ್ನು ನೋಡಿ ಡೆಲ್ಫ್ಟ್‌ನವರೇ ಮಾಡಿದ್ದು. ಹಾಲಿನ ಹೆಂಗಸಿನ ಏಪ್ರನ್ನಿನ ಆ ನೀಲಿ ಇನ್ನೂ ದೂರದ್ದು. ಅಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳ ಲಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಅಲ್ಟ್ರಾಮರೀನ್. ಬೇರೆ ಚಿತ್ರಕಾರರು ಅಳೆದು ಸುರಿದು ಬಳಸುತ್ತಿದ್ದ ಬಣ್ಣವನ್ನು ವೆರ್ಮೀರ್ ಅಡುಗೆಮನೆಯ ಬಟ್ಟೆಗೆ ಧಾರಾಳವಾಗಿ ಹಚ್ಚಿದ.

ನೆಲದ ಮೇಲೆ, ಬಲಮೂಲೆಯಲ್ಲಿ, ತೂತುಗಳಿರುವ ಒಂದು ಮರದ ಪೆಟ್ಟಿಗೆಯಿದೆ. ಒಳಗೆ ಕೆಂಡದ ಮಡಕೆ ಇಟ್ಟು ಅದರ ಮೇಲೆ ಕಾಲಿಡುತ್ತಿದ್ದರು. ಮಲೆನಾಡಿನ ಅಗ್ಗಿಷ್ಟಿಕೆ ಬಲ್ಲವರಿಗೆ ಕೂಡಲೇ ಗೊತ್ತಾಗುವ ವಸ್ತು. ಲೇಸ್ಟರಳ ಹೊಲಿಯುವ ಹೆಂಗಸಿನ ಕಾಲಡಿಯಲ್ಲೂ ಇಂಥದ್ದೇ ಒಂದಿದೆ. ಗೋಡೆಯ ಬುಡದ ಹಂಚುಗಳು ನೆಲ ಒರೆಸುವ ನೀರು ಗಾರೆಗೆ ತಾಗದಿರಲೆಂದು.

ಎರಡನೆಯ ಪ್ರಶ್ನೆಗೆ ಒಂದೇ ಉದಾಹರಣೆ ಕೊಡುತ್ತೇನೆ. ಕಪ್ಪು ಬಿಳಿ ಅಮೃತಶಿಲೆಯ ನೆಲ ಈ ಚಿತ್ರಗಳಲ್ಲಿ ಮತ್ತೆಮತ್ತೆ ಬರುತ್ತದೆ. ನಿಜವಾದ ಡಚ್ ಮನೆಗಳ ವಾಸದ ಕೋಣೆಗಳಲ್ಲಿ ಅದು ಅಪರೂಪ. ಹೆಚ್ಚಾಗಿ ಇದ್ದದ್ದು ಹಲಗೆಯ ನೆಲ. ಚಿತ್ರಕಾರರಿಗೆ ಆ ಚೌಕಗಳು ಆಳ ತೋರಿಸಲು ಅನುಕೂಲ, ಕೊಳ್ಳುವವರಿಗೆ ನೋಡಲು ಚೆಂದ. ಹಾಗಾಗಿ ಈ ಚಿತ್ರಗಳನ್ನು ಫೋಟೋ ಎಂದುಕೊಂಡು ‘ಆಗ ಹೀಗೇ ಬದುಕುತ್ತಿದ್ದರು’ ಎಂದು ಹೇಳಬೇಡಿ.

ಹಂತ 7: ಈಗ ಹೆಸರು ಓದಿ, ಆದರೆ ಪೂರ್ತಿ ನಂಬಬೇಡಿ

ಬಹುಪಾಲು ಹೆಸರುಗಳು ಚಿತ್ರಕಾರ ಇಟ್ಟವಲ್ಲ, ಆಮೇಲಿನವರು ಇಟ್ಟವು. ಗೆರಾರ್ಡ್ ಟೆರ್ ಬೋರ್ಖ್ 1654ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿ ಹೊಳೆಯುವ ಸ್ಯಾಟಿನ್ ಉಡುಪಿನ ಹುಡುಗಿ ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಕೂತ ಗಂಡಸು ಕೈಯೆತ್ತಿ ಏನೋ ಹೇಳುತ್ತಿದ್ದಾನೆ. ಪಕ್ಕದ ಹೆಂಗಸು ಲೋಟದಿಂದ ಕುಡಿಯುತ್ತಿದ್ದಾಳೆ. 18ನೇ ಶತಮಾನದಲ್ಲಿ ಇದಕ್ಕೆ ‘ತಂದೆಯ ಬುದ್ಧಿಮಾತು’ ಎಂಬ ಹೆಸರು ಬಿತ್ತು, ಜರ್ಮನ್ ಕವಿ ಗಯಟೆಯೂ ಹಾಗೇ ಓದಿದ. ಇಂದು ರೈಕ್ಸ್‌ಮ್ಯೂಸಿಯಂ ಇದನ್ನು ‘ಸರಸ ಸಂಭಾಷಣೆ’ ಎನ್ನುತ್ತದೆ. ಆ ಗಂಡಸು ಅಪ್ಪನಾಗುವಷ್ಟು ವಯಸ್ಸಾದವನಲ್ಲ, ಸೈನಿಕನ ವೇಷದಲ್ಲಿದ್ದಾನೆ, ಹಿಂದೆ ಹಾಸಿಗೆಯಿದೆ. ಹೆಸರನ್ನು ಮೊದಲು ಓದಿದ್ದ ನಾನು ಅವನಲ್ಲಿ ಅಪ್ಪನನ್ನೇ ಕಂಡಿದ್ದೆ.

ಸಂಕೇತಗಳು ಸುಳ್ಳೆಂದಲ್ಲ. ಯಾನ್ ಸ್ಟೇನ್ 1668ರಲ್ಲಿ ಬರೆದ ಗದ್ದಲದ ಕುಟುಂಬದ ಚಿತ್ರದಲ್ಲಿ ಗಾದೆಯನ್ನೇ ಚೀಟಿಯಲ್ಲಿ ಬರೆದು ತೂಗುಹಾಕಿದ್ದಾನೆ: ದೊಡ್ಡವರು ಹಾಡಿದಂತೆ ಚಿಕ್ಕವರು ಪೀಪಿ ಊದುತ್ತಾರೆ. ನಮ್ಮ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಪಕ್ಕದಲ್ಲಿ ನಿಲ್ಲುವ ಮಾತು. ಡಚ್ಚಿನಲ್ಲಿ ಪೀಪಿಗೂ ಹೊಗೆ ಸೇದುವ ಪೈಪಿಗೂ ಒಂದೇ ಪದವಾದ್ದರಿಂದ ಅಲ್ಲಿ ಮಕ್ಕಳು ಪೈಪು ಸೇದುತ್ತಿದ್ದಾರೆ. ಹೀಗೆ ಚಿತ್ರವೇ ಬಾಯಿಬಿಟ್ಟು ಹೇಳಿದಾಗ ಕೇಳಿ. ಹೇಳದಿದ್ದಾಗ ಒತ್ತಾಯ ಬೇಡ. ಹಾಲಿನ ಹೆಂಗಸಿನ ಹಿಂದಿನ ಒಂದು ಹಂಚಿನ ಮೇಲೆ ಪುಟ್ಟ ಕ್ಯೂಪಿಡ್ ಇದ್ದಾನೆ, ಪ್ರೇಮದ ದೇವತೆ. ಅದನ್ನು ಹಿಡಿದು ಅವಳು ಯಾರನ್ನೋ ನೆನೆಯುತ್ತಿದ್ದಾಳೆ ಎನ್ನುವವರಿದ್ದಾರೆ. ಇರಬಹುದು. ಆದರೆ ಅವಳ ಕಣ್ಣು ಹಾಲಿನ ಮೇಲಿದೆ.

ಹಂತ 8: ಅಳಿಸಿದ್ದನ್ನು ಹುಡುಕಿ

2022ರಲ್ಲಿ ರೈಕ್ಸ್‌ಮ್ಯೂಸಿಯಂನವರು ಹೊಸ ಸ್ಕ್ಯಾನಿಂಗ್ ಮಾಡಿದಾಗ ಆ ಬೋಳು ಗೋಡೆಯಡಿ ಏನಿತ್ತೆಂದು ತಿಳಿಯಿತು. ಹಾಲಿನ ಹೆಂಗಸಿನ ತಲೆಯ ಹಿಂದೆ ವೆರ್ಮೀರ್ ಮೊದಲು ಜಗ್ಗುಗಳನ್ನು ನೇತುಹಾಕುವ ಹಲಗೆ ಶುರು ಮಾಡಿದ್ದ. ಕೆಳಗೆ, ಈಗ ಕೆಂಡದ ಪೆಟ್ಟಿಗೆ ಇರುವಲ್ಲಿ, ಕೂಸಿನ ಬಟ್ಟೆ ಬೆಚ್ಚಗೆ ಒಣಗಿಸುವ ಹೆಣಿಗೆಯ ಬುಟ್ಟಿ. ಎರಡನ್ನೂ ಮುಚ್ಚಿಬಿಟ್ಟ. ನಾವು ಬೆರಗಾಗುವ ಆ ಖಾಲಿ ಗೋಡೆ ಸುಮ್ಮನೆ ಬಿಟ್ಟ ಜಾಗವಲ್ಲ, ತುಂಬಿ, ನೋಡಿ, ತೆಗೆದುಹಾಕಿ ಗಳಿಸಿದ್ದು.

ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಅವನ ಇನ್ನೊಂದು ಚಿತ್ರದ ಕಥೆ ತಿರುವುಮುರುವು. ತೆರೆದ ಕಿಟಕಿಯ ಬಳಿ ಪತ್ರ ಓದುವ ಹುಡುಗಿ. ಹಿಂದೆ ಬೋಳು ಗೋಡೆ. ಗೋಡೆಯಡಿ ದೊಡ್ಡ ಕ್ಯೂಪಿಡ್ ಚಿತ್ರವಿದೆ ಎಂದು 1979ರ ಎಕ್ಸ್‌ರೇಯಲ್ಲೇ ಗೊತ್ತಾಗಿತ್ತು, ವೆರ್ಮೀರನೇ ಮುಚ್ಚಿರಬೇಕು ಎಂದುಕೊಂಡಿದ್ದರು. ಆಮೇಲಿನ ದುರಸ್ತಿಯಲ್ಲಿ, ಮುಚ್ಚಿದ ಬಣ್ಣ ಅವನ ಕಾಲದ ಎಷ್ಟೋ ವರ್ಷಗಳ ನಂತರದ್ದೆಂದು ಖಚಿತವಾಯಿತು. ನಡುವೆ ಧೂಳಿನ ಪದರ ಕೂತಿತ್ತು. ಆ ಬಣ್ಣವನ್ನು ಕೆರೆದು ತೆಗೆದು 2021ರಲ್ಲಿ ಪ್ರದರ್ಶನಕ್ಕಿಟ್ಟರು. ಎರಡೂ ಆವೃತ್ತಿಗಳ ಪ್ರತಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಅದೇ ಹುಡುಗಿ, ಅದೇ ಪತ್ರ. ಗೋಡೆ ಬದಲಾದದ್ದಕ್ಕೆ ಮುಖದ ಭಾವವೇ ಬದಲಾದಂತೆ ಕಾಣುತ್ತದೆ. ಖಾಲಿ ಗೋಡೆಯ ಹುಡುಗಿಯನ್ನು ಬಿಟ್ಟುಕೊಡಲು ನನಗೆ ಕಷ್ಟವಾಯಿತು. ಆದರೂ ಅವನು ಬರೆದದ್ದು ಕ್ಯೂಪಿಡ್ ಇರುವ ಗೋಡೆಯನ್ನೇ.

ಹಂತ 9: ಅವಳು ಯಾರೆಂದು ಕೇಳಿ

1696ರ ಮೇ 16ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೆರ್ಮೀರನ 21 ಚಿತ್ರಗಳು ಹರಾಜಾದವು. ಹಾಲಿನ ಹೆಂಗಸು 175 ಗಿಲ್ಡರ್‌ಗೆ (ಅಂದಿನ ಡಚ್ ನಾಣ್ಯ) ಹೋಯಿತು. ಬೆಲೆ ದಾಖಲಾಗಿದೆ, ಹೆಂಗಸಿನ ಹೆಸರಿಲ್ಲ. ವೆರ್ಮೀರನ ಅತ್ತೆ ಮರಿಯಾ ಟಿನ್ಸ್‌ಳ ಮನೆಯಲ್ಲಿ ತನ್ನೆಕೆ ಎಂಬ ಕೆಲಸದಾಕೆ ಇದ್ದಳೆಂದು ಡೆಲ್ಫ್ಟ್‌ನ ನೋಟರಿ ಕಾಗದಗಳಿಂದ ತಿಳಿಯುತ್ತದೆ. ಬಸುರಿಯಾಗಿದ್ದ ವೆರ್ಮೀರನ ಹೆಂಡತಿಯ ಮೇಲೆ ಆಕೆಯ ಒಡಹುಟ್ಟಿದವನೇ ಏರಿಬಂದದ್ದಕ್ಕೆ ಸಾಕ್ಷಿ ಹೇಳಿದವಳು ಈ ತನ್ನೆಕೆ. ಚಿತ್ರದಲ್ಲಿರುವುದು ಅವಳೇ ಎಂಬುದು ಊಹೆ ಮಾತ್ರ. ಊಹೆಯೆಂದೇ ಇಟ್ಟುಕೊಂಡು, ಹಂತ 2ರಲ್ಲಿ ಬರೆದ ಕ್ರಿಯಾಪದಗಳ ಹಾಳೆಯನ್ನು ಮತ್ತೆ ತೆಗೆದು ಓದಿ. ಈಗ ‘ಶಾಂತಿ’ ಎಂದು ಬರೆಯಬೇಕೆನಿಸಿದರೆ ಬರೆಯಿರಿ.

ಮುಂದಿನ ವಾರಕ್ಕೆ ಎರಡು ಶತಮಾನ ದಾಟಿ ಡೆನ್ಮಾರ್ಕಿಗೆ ಹೋಗಿ. ವಿಲ್ಹೆಲ್ಮ್ ಹ್ಯಾಮರ್‌ಶೋಯ್ 1898ರಿಂದ 1909ರವರೆಗೆ ಕೋಪನ್‌ಹೇಗನ್‌ನ ಸ್ಟ್ರಾಂಡ್‌ಗೇಡ್ 30ರ ತನ್ನ ಮನೆಯನ್ನು ಮತ್ತೆಮತ್ತೆ ಬರೆದ. ಬೂದು ಗೋಡೆ, ಬಿಳಿ ಬಾಗಿಲು, ಕಪ್ಪು ಉಡುಪಿನ ಹೆಂಡತಿ ಈಡಾ, ಹೆಚ್ಚಾಗಿ ನಮಗೆ ಬೆನ್ನು ಹಾಕಿ. ಕೈ ಅನೇಕ ಸಲ ಕಾಣುವುದೇ ಇಲ್ಲ. ಅಲ್ಲಿ ಎರಡನೆಯ ಹಂತವನ್ನು ಅವಳ ಕತ್ತಿನ ಹಿಂಭಾಗದಿಂದ ಶುರು ಮಾಡಿ.